ಹಮೀದಾ ಆಪಾ ಮತ್ತು ಪಂಕ್ತಿಯ ತುದಿಯ ಮನುಷ್ಯ

ಹಮೀದಾ ಆಪಾ ಯಾರ ಮದುವೆಗೂ ಹೋಗುತ್ತಿರಲಿಲ್ಲ. ಆದರೆ ದಾಂಡೇಲಿ, ಹಳಿಯಾಳ, ಜೊಯಿಡಾ, ಮುಂಡಗೋಡದ ಸುತ್ತಲಿನ ಯಾವ ಮದುವೆಯಲ್ಲಿ ಯಾರು ಮುನಿಸಿಕೊಂಡು ಊಟ ಬಿಟ್ಟೆದ್ದರು, ಯಾವ ಸೋದರತ್ತೆ ಬೀಗರ ಸೀರೆ ಮುಟ್ಟಿ ನೋಡಿ ಮೂಗು ಮುರಿದಳು, ಅಕ್ಷತೆ ಬೀಳುವ ಹೊತ್ತಿಗೆ ಮದುಮಗನ ಕಣ್ಣು ಎಲ್ಲಿತ್ತು, ಎಲ್ಲವೂ ಅವರಿಗೆ ಗೊತ್ತು. ಸಂತೆಯಲ್ಲಿ ಗುರುತೇ ಇಲ್ಲದ ಹೆಂಗಸನ್ನು ನಿಲ್ಲಿಸಿ, "ನಿಮ್ಮ ಅತ್ತಿಯವ್ರು ಈಗ ಹೆಂಗದಾರ್ರಿ? ಲಗ್ನದಾಗ ಭಾಳ ಕೆಮ್ಮತಿದ್ರು" ಎಂದು ಕೇಳಿಬಿಡುತ್ತಿದ್ದರು. ಎಷ್ಟೋ ಸಲ ಆ ಅತ್ತೆ ತೀರಿಹೋಗಿ ವರ್ಷವಾಗಿರುತ್ತಿತ್ತು. ಆ ಹೆಂಗಸು ಬೆಚ್ಚಿ, ಕಾಯಿಪಲ್ಲೆ ಚೀಲವನ್ನು ಎದೆಗೊತ್ತಿಕೊಂಡು, ಹಿಂತಿರುಗಿ ನೋಡುತ್ತ ನೋಡುತ್ತ ಹೋಗುತ್ತಿದ್ದಳು.

ಮಾಟಗೀಟ ಏನೂ ಇರಲಿಲ್ಲ. ಆಪಾ ಮದುವೆಯ ಕ್ಯಾಸೆಟ್ಟುಗಳನ್ನು ಕಾಪಿ ಮಾಡಿಕೊಡುತ್ತಿದ್ದರು, ಅಷ್ಟೇ. ನಾನು ಹಳಿಯಾಳದವನು, ಆಗ ಮದುವೆಗಳ ವಿಡಿಯೋ ತೆಗೆಯುವುದು ನನ್ನ ಕಸುಬು. ತೊಂಬತ್ತರ ದಶಕದ ಆ ಕ್ಯಾಮೆರಾ ಹೆಗಲ ಮೇಲೆ ಕೂತರೆ ಎಳೆಗರು ಹೊತ್ತಂತೆ. ಜೊತೆಗೆ ಕಣ್ಣು ಕುಕ್ಕುವ ಒಂದು ದೀಪ. ಆ ದೀಪ ಕಂಡರೆ ಮುದುಕರು ಬೈಯುತ್ತಿದ್ದರು, ಹುಡುಗಿಯರು ಕೂದಲು ಸರಿಮಾಡಿಕೊಳ್ಳುತ್ತಿದ್ದರು. ನಮ್ಮ ಕಡೆ ಒಂದು ರೂಢಿ ಬಿದ್ದಿತ್ತು: ಕ್ಯಾಮೆರಾದಿಂದ ನೇರ ಬಂದ ಮೂಲ ಕ್ಯಾಸೆಟ್ಟು ಗಂಡಿನ ಮನೆಗೆ, ಅದರ ಕಾಪಿ ಹೆಣ್ಣಿನ ಮನೆಗೆ. ಆಮೇಲೆ ಗೋವಾದ ಅತ್ತೆಗೆ, ಬೆಳಗಾವಿಯ ಮಾವನಿಗೆ ಬೇಕಾದಾಗ ಆ ಕಾಪಿಯದೇ ಕಾಪಿ. ಮೊದಲ ಕಾಪಿಯನ್ನು ನಾನೇ ವಿಸಿಆರ್ ಬಾಡಿಗೆಗೆ ತಂದು ಮಾಡುತ್ತಿದ್ದೆ, ಆಮೇಲಿನವುಗಳಿಗೆ ದಾಂಡೇಲಿಯ ಆಪಾನ ಮನೆಗೆ ಓಡುತ್ತಿದ್ದೆ.

ಅವರ ಗಂಡ ಕಾಗದ ಕಾರ್ಖಾನೆಯಲ್ಲಿದ್ದವರು. ಅವರು ತೀರಿಕೊಂಡ ಮೇಲೆ ಮೈದುನ ಕುವೈತಿನಿಂದ ಒಂದು ಯಂತ್ರ ತಂದುಕೊಟ್ಟಿದ್ದ. ಒಂದೇ ಡಬ್ಬಿಯಲ್ಲಿ ಎರಡು ಕ್ಯಾಸೆಟ್ ಹಾಕುವ ವಿಸಿಆರ್. ಒಂದು ಬಾಯಿಗೆ ಹಳೆಯದನ್ನು ಕೊಟ್ಟು, ಇನ್ನೊಂದಕ್ಕೆ ಖಾಲಿಯದನ್ನು ಕೊಟ್ಟು ಗುಂಡಿ ಒತ್ತಿದರೆ ಸಾಕು. ಆಪಾ ಅದಕ್ಕೆ ಕಸೂತಿಯ ಬಟ್ಟೆ ಹೊದಿಸಿಟ್ಟಿದ್ದರು. ಕ್ಯಾಸೆಟ್ ಕೈಗೆ ಬಂದೊಡನೆ ಅದರ ಮುಚ್ಚಳ ಎತ್ತಿ ಮೂಗಿಗೆ ಹಿಡಿಯುತ್ತಿದ್ದರು. "ಇದು ಜೊಯಿಡಾ ಕಡೀದು, ಬೂಸು ಹಿಡದೈತಿ. ಒಳಗ ಹಾಕಿದ್ರ ನನ್ನ ಮಶೀನೂ ಕೆಮ್ಮತೈತಿ" ಎಂದು ವಾಪಸು ಕೊಟ್ಟರೆ ಮುಗಿಯಿತು, ಯಾರ ಮಾತೂ ನಡೆಯುತ್ತಿರಲಿಲ್ಲ.

ಆ ಯಂತ್ರದ ಗುಣದ ಬಗ್ಗೆ ನನಗೂ ಅವರಿಗೂ ಹೋದಾಗಲೆಲ್ಲ ಜಗಳ. ಎರಡು ಒಳ್ಳೆಯ ವಿಸಿಆರ್‌ಗಳನ್ನು ವೈರಿನಿಂದ ಜೋಡಿಸಿ ಮಾಡಿದರೆ ಕಾಪಿ ಚೆನ್ನಾಗಿ ಬರುತ್ತದೆ, ಇದು ಬರೀ ಅವಸರದವರ ಆಟಿಕೆ ಎನ್ನುವುದು ನನ್ನ ವಾದ. ವೈರಿನಲ್ಲಿ ಸೋರಿಹೋಗುವುದು ಇದರಲ್ಲಿ ಉಳಿಯುತ್ತದೆ ಎನ್ನುವುದು ಅವರದು. ನಿಜ ಹೇಳಬೇಕೆಂದರೆ ಇಬ್ಬರದೂ ಅರ್ಧರ್ಧ ಸರಿ. ಹೊಸ ಟೇಪಾದರೆ ಒಂದು ಕಾಪಿ ಪರವಾಗಿಲ್ಲ ಎನ್ನುವಂತೆ ಬರುತ್ತಿತ್ತು. ಹಳೆಯದು, ಸವೆದದ್ದು ಆದರೆ ಅದರ ನಡುಕ, ಗೆರೆ, ಮಂಜು ಎಲ್ಲವನ್ನೂ ಯಂತ್ರ ಭಕ್ತಿಯಿಂದ ಇಳಿಸಿಕೊಂಡು, ಮೇಲೆ ತನ್ನದೂ ಒಂದಿಷ್ಟು ಸೇರಿಸುತ್ತಿತ್ತು. ಕೆಂಪು ಬಣ್ಣವಂತೂ ನಿಲ್ಲುತ್ತಲೇ ಇರಲಿಲ್ಲ. ಮದುಮಗಳ ಸೀರೆಯ ಕೆಂಪು ಪಕ್ಕದವರ ಕೈಮೇಲೆ, ಕೆನ್ನೆಮೇಲೆ ಚೆಲ್ಲಿ, ಮಂಟಪದಲ್ಲಿ ಏನೋ ಆಗಬಾರದ್ದು ಆದಂತೆ ಕಾಣುತ್ತಿತ್ತು.

ಆಪಾ ಮೂಲ ಟೇಪಿಗೆ ಅಜ್ಜಿ ಎನ್ನುತ್ತಿದ್ದರು. ಅದರ ಕಾಪಿ ಮಗಳು, ಕಾಪಿಯ ಕಾಪಿ ಮೊಮ್ಮಗಳು. "ಮಗಳು ಅಜ್ಜೀನ ಹೋಲ್ತಾಳ್ರಿ. ಮೊಮ್ಮಗಳಿಗೆ ಮಾರೀನ ಇರಂಗಿಲ್ಲ" ಎನ್ನುವರು. ಆದರೂ ಗಿರಾಕಿಗಳು ಕೇಳುತ್ತಿದ್ದದ್ದು ಅದನ್ನೇ, ಮಾಡಿಕೊಡುತ್ತಿದ್ದರು. ಕಣ್ಣಿದ್ದಲ್ಲಿ ಎರಡು ಕಪ್ಪು ಗುಳಿ, ಬಾಯಿದ್ದಲ್ಲಿ ಒಂದು ನೆರಳು ಇಟ್ಟುಕೊಂಡ ಆ ಬೀಗರು ಒಬ್ಬರನ್ನೊಬ್ಬರು ತಬ್ಬಿಕೊಳ್ಳುವುದನ್ನು ಮಟಮಟ ಮಧ್ಯಾಹ್ನ ನೋಡಿದರೂ ಮೈ ಝುಂ ಎನ್ನುತ್ತಿತ್ತು.

ಗುಂಡಿ ಒತ್ತಿ ಅಡುಗೆಮನೆಗೆ ಹೋಗಬಹುದಿತ್ತು, ಟಿವಿ ಹಚ್ಚುವ ಅಗತ್ಯವೂ ಇಲ್ಲ. ಆದರೆ ಆಪಾ ಮೂರು ತಾಸಿನ ಮದುವೆಯನ್ನು ಮೂರು ತಾಸೂ ಕೂತು ನೋಡುತ್ತಿದ್ದರು. ಮಡಿಲಲ್ಲಿ ಅಕ್ಕಿಯ ಮೊರ, ಬೆರಳು ತಾನಾಗಿ ಕಲ್ಲು ಆರಿಸುತ್ತಿತ್ತು, ಕಣ್ಣು ಮಾತ್ರ ಪರದೆ ಬಿಟ್ಟು ಕದಲುತ್ತಿರಲಿಲ್ಲ. "ಒಡವಿ ನೋಡಾಕತ್ತೀರೇನ್ರಿ ಆಪಾ?" ಎಂದು ನಾನು ಕಾಡುತ್ತಿದ್ದೆ. "ಮಂದಿ ಮಾರಿ ನೋಡತೇನ್ರಿ ಭಾಯಿ" ಎನ್ನುವರು. ಬೇಸರ ಕಳೆಯಲು ಇರಬೇಕು ಎಂದುಕೊಂಡಿದ್ದೆ.

ಒಂದು ಬೇಸಿಗೆಯಲ್ಲಿ ಮುಂಡಗೋಡದ ಮದುವೆಯ ಕಾಪಿ ಒಯ್ಯಲು ಹೋದಾಗ ಆಪಾ ಎಂದಿನಂತೆ ಚಹಾಕ್ಕೆ ಏಳಲಿಲ್ಲ. ಪರದೆಯ ಮೇಲೆ ಊಟದ ಪಂಕ್ತಿಯ ಚಿತ್ರ ನಿಂತು ನಡುಗುತ್ತಿತ್ತು.

"ಭಾಯಿ, ಈ ಮನಶಾ ಯಾರ್ರಿ?"

ಪಂಕ್ತಿಯ ತುದಿಯಲ್ಲಿ ಬಿಳಿ ಅಂಗಿಯ ಒಬ್ಬ ಗಂಡಸು ತಲೆ ತಗ್ಗಿಸಿ ಕೂತಿದ್ದ. "ಯಾರೋ ಬೀಗರ ಕಡೆಯವ್ರು ಇರಬೇಕ್ರಿ" ಎಂದೆ.

ಆಪಾ ತಮಗೆಂದೇ ಮಾಡಿ ಇಟ್ಟುಕೊಂಡಿದ್ದ ಕಾಪಿಗಳಲ್ಲಿ ಒಂದನ್ನು ತೆಗೆದು ಹಾಕಿದರು. ಹಳಿಯಾಳದ ಮದುವೆ, ಹೋದ ವರ್ಷದ್ದು. ಪಂಕ್ತಿಯ ತುದಿಯಲ್ಲಿ ಅದೇ ಅಂಗಿ, ಅದೇ ತಗ್ಗಿದ ತಲೆ. ಇನ್ನೊಂದು ಹಾಕಿದರು, ಜೊಯಿಡಾದ ಕೊಂಕಣಿ ಮಂದಿಯ ಮದುವೆ. ಅಲ್ಲೂ ತುದಿಯಲ್ಲಿ ಅವನೇ. ಮತ್ತೊಂದು, ದಾಂಡೇಲಿಯದೇ ನಿಕಾಹ್‌ನ ದಾವತ್ತಿನ ಊಟ. ತಲೆಗೆ ಕರವಸ್ತ್ರ ಕಟ್ಟಿಕೊಂಡು ಚಾಪೆಯ ಅಂಚಿನಲ್ಲಿ ಕೂತಿದ್ದ.

"ನಿಮ್ಮ ಲಗ್ನದಾಗೂ ಅದಾನ, ನಮ್ಮ ನಿಕಾದಾಗೂ ಅದಾನ. ಎಲ್ಲಾ ನೀವ ತಗದದ್ದು."

ಎಲ್ಲವೂ ನಾನೇ ತೆಗೆದದ್ದು, ನಿಜ. ಉಣ್ಣುವವರ ಮುಂದೆ ಬಗ್ಗಿ ಬಗ್ಗಿ, ಒಬ್ಬೊಬ್ಬರ ಮುಖಕ್ಕೂ ದೀಪ ಹಿಡಿದವನು ನಾನು. ಯಾರು ಕಣ್ಣು ಕಿರಿದು ಮಾಡಿದರು, ಯಾರು ಬೈದರು ಎನ್ನುವುದು ಕೂಡ ನೆನಪಿತ್ತು. ಈ ಮನುಷ್ಯನನ್ನು ಮಾತ್ರ ಕಂಡದ್ದೇ ನೆನಪಿರಲಿಲ್ಲ. ಧೈರ್ಯಕ್ಕೆಂದು ನಕ್ಕೆ. "ಕರೀದ ಉಣ್ಣಾಕ ಬರಾವ್ರು ಎಲ್ಲಾ ಊರಾಗೂ ಇರ್ತಾರ ಬಿಡ್ರಿ ಆಪಾ."

ಆಪಾ ನಗಲಿಲ್ಲ. ಅವತ್ತೇ ಮೊದಲ ಸಲ ತಮ್ಮನ ವಿಷಯ ಹೇಳಿದರು. ದಾದಾಪೀರ ಎಂದು ಹೆಸರು, ಮನೆಯಲ್ಲಿ ಪೀರೂ. ಕಾಡಿನಿಂದ ಕಾರ್ಖಾನೆಗೆ ಬಿದಿರು ತರುವ ಲಾರಿಯಲ್ಲಿ ಕ್ಲೀನರ್ ಆಗಿದ್ದ. ಒಂದು ದಿನ ಗಣೇಶಗುಡಿಯಲ್ಲಿ ಚಹಾಕ್ಕೆಂದು ಇಳಿದವನು ಲಾರಿಗೆ ಮರಳಲಿಲ್ಲ. ಕಾಡು ಹುಡುಕಿದರು, ಹೊಳೆ ಹುಡುಕಿದರು, ಪೊಲೀಸರಿಗೆ ಹೇಳಿದರು. ಹೆಣವೂ ಸಿಗಲಿಲ್ಲ, ಸುದ್ದಿಯೂ ಸಿಗಲಿಲ್ಲ. ತಾಯಿ ಇದೇ ಕೊರಗಿನಲ್ಲಿ ಹೋದರು. ಯಂತ್ರ ಮನೆಗೆ ಬಂದ ದಿನ ಆಪಾಗೆ ಹೊಳೆದದ್ದು ಒಂದೇ: ಬದುಕಿರುವ ಮನುಷ್ಯ ಯಾವತ್ತಾದರೂ ಒಂದು ಮದುವೆಯ ಊಟಕ್ಕೆ ಕೂತೇ ಕೂರುತ್ತಾನೆ.

"ಅಂವ ಸಣ್ಣಾಂವಿದ್ದಾಗ ನನ್ನ ಬಗಲಿಂದ ಜಾರಿ ಒಳ್ಳಕಲ್ಲಿನ ಮ್ಯಾಲೆ ಬಿದ್ದಿದ್ದ್ರಿ. ಎಡಗಡೆ ಹುಬ್ಬು ಸೀಳಿ ಎರಡ ಆಗಿತ್ತು. ಆ ಗುರ್ತು ಸಾಯೂತನ ಹೋಗಂಗಿಲ್ಲ." ಆಪಾ ಎದ್ದು ಪರದೆಯ ಹತ್ತಿರ ಹೋಗಿ ಆ ಮುಖದ ಮೇಲೆ ಬೆರಳಿಟ್ಟರು. ಅಲ್ಲಿ ಹುಬ್ಬೇ ಇರಲಿಲ್ಲ. ಹಣೆ ಮತ್ತು ಕಣ್ಣು ಕೂಡಿ ಒಂದು ಕಂದು ಮಸಿ. "ಮೈಕಟ್ಟು ಅಂವಂದ ಐತಿ. ಕುಂದರೂದೂ ಹಂಗ. ಆದ್ರ ಇವೆಲ್ಲಾ ಮೊಮ್ಮಕ್ಕಳ್ರಿ ಭಾಯಿ. ನನಗ ಅಜ್ಜಿ ಬೇಕು."

ಆ ಮದುವೆಗಳ ಗಂಡಿನ ಮನೆಗಳಿಗೆ ಮೂಲ ಕ್ಯಾಸೆಟ್ ಕೇಳಿಕೊಂಡು ಅಲೆದೆ. ಹಳಿಯಾಳದವರು ಅದರ ಮೇಲೆ ಧಾರಾವಾಹಿ ತುಂಬಿಕೊಂಡಿದ್ದರು. ಜೊಯಿಡಾದ ಟೇಪಿಗೆ ಬೂಸು ಬಂದು ಬೆಳ್ಳಗಾಗಿತ್ತು. ದಾವತ್ತಿನದು ಮದುಮಗನ ಜೊತೆ ದುಬೈಗೆ ಹೋಗಿತ್ತು. ಮುಂಡಗೋಡದ್ದನ್ನು ಯಾರೋ ನೋಡಲು ಒಯ್ದು ಕಳೆದಿದ್ದರು. ಹೋದಲ್ಲೆಲ್ಲ ಆ ಬಿಳಿ ಅಂಗಿಯವನ ಬಗ್ಗೆಯೂ ವಿಚಾರಿಸಿದೆ. ಗಂಡಿನವರು ಅವನು ಹೆಣ್ಣಿನ ಕಡೆಯವನು ಎಂದರು. ಹೆಣ್ಣಿನವರನ್ನು ಕೇಳಿದರೆ ಗಂಡಿನ ಕಡೆಯವನು ಎಂದರು. ಯಾರಿಗೂ ಅನುಮಾನವೇ ಬಂದಿರಲಿಲ್ಲ. ಮದುವೆಯಲ್ಲಿ ಊಟಕ್ಕೆ ಕೂತವನನ್ನು ನೀನು ಯಾರು ಎಂದು ಕೇಳುವಷ್ಟು ಮಾನಗೆಟ್ಟವರು ನಮ್ಮಲ್ಲಿ ಇಲ್ಲ.

ಕಡೆಗೆ ಉಳಿದದ್ದು ಮಳಗಿಯ ಬಸವಣ್ಣೆಪ್ಪನ ಮಗನ ಮದುವೆ. ಅದರಲ್ಲೂ ಆ ಮನುಷ್ಯ ಇದ್ದ. ಮೂಲ ಟೇಪು ಮನೆಯಲ್ಲೇ ಇತ್ತು, ದೇವರ ಜಗಲಿಯ ಪಕ್ಕದಲ್ಲಿ, ಅರಿಷಿಣದ ಬಟ್ಟೆಯಲ್ಲಿ ಸುತ್ತಿಕೊಂಡು. "ಲಗ್ನದ ಕ್ಯಾಸೆಟ್ ಒಂದ ಮನಿ ಬಿಟ್ಟು ಹೊರಗ ಹೋಗಬಾರದ್ರಿ. ನಾನೂ ಅದರ ಜೋಡಿ ಬರ್ತೇನಿ" ಎಂದ ಬಸವಣ್ಣೆಪ್ಪ. ಹಾಗೆಂದರೆ ಹಾಗೆಯೇ ಬಂದ. ಮಳಗಿಯಿಂದ ದಾಂಡೇಲಿಯವರೆಗೆ ಆ ಗಂಟನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಿದ್ದ. ಕಂಡಕ್ಟರ್ ಸಾಮಾನು ಮೇಲಿಡಿ ಎಂದದ್ದಕ್ಕೆ ಜಗಳವನ್ನೂ ತೆಗೆದ.

ಆಪಾ ಸ್ಪಿರಿಟ್ಟಿನಲ್ಲಿ ಯಂತ್ರದ ಒಳಗನ್ನು ಒರೆಸಿ ಸಿದ್ಧಮಾಡಿ ಇಟ್ಟಿದ್ದರು. ಟೇಪಿನ ವಾಸನೆ ನೋಡಿ, "ಚಲೋ ಐತಿ" ಎಂದರು. ಮದುವೆ ಓಡತೊಡಗಿತು. ಬಸವಣ್ಣೆಪ್ಪ ಬಾಯಿ ಮುಚ್ಚಲಿಲ್ಲ. "ಇಂವ ನಮ್ಮ ಕಾಕಾ. ಆಕಿ ನಮ್ಮ ಸೊಸಿ ತವರಮನಿಯಾಕಿ. ಈ ಹುಡುಗ ಈಗ ದೊಡ್ಡಾಂವಾಗ್ಯಾನ" ಎಂದು ಒಬ್ಬೊಬ್ಬರ ಪರಿಚಯ ಮಾಡಿಕೊಟ್ಟ. ಊಟದ ಪಂಕ್ತಿ ಬಂತು. ಕ್ಯಾಮೆರಾ ಎಲೆಯಿಂದ ಎಲೆಗೆ ಸರಿಯುತ್ತ ತುದಿಗೆ ಬಂದಾಗ, "ಇಂವ ಹೆಣ್ಣಿನ ಕಡೆಯಂವ" ಎಂದ. ಆಪಾ ಚಿತ್ರ ನಿಲ್ಲಿಸಿದರು.

ಆ ಯಂತ್ರದಲ್ಲಿ ಅಷ್ಟು ಸ್ವಚ್ಛವಾದ ಚಿತ್ರವನ್ನು ನಾನು ಕಂಡಿರಲಿಲ್ಲ. ಅಂಗಿಯ ಗುಂಡಿಗಳೂ ಕಾಣುತ್ತಿದ್ದವು. ಕಾಪಿಗಳಲ್ಲಿ ತಲೆ ತಗ್ಗಿಸಿ ಉಣ್ಣುತ್ತಿದ್ದಾನೆ ಎಂದು ನಾವು ತಿಳಿದಿದ್ದೆವು. ಅವನು ತಲೆ ತಗ್ಗಿಸಿರಲೇ ಇಲ್ಲ. ಮುಖ ಎತ್ತಿ ನೇರವಾಗಿ ದೀಪದೊಳಕ್ಕೆ, ಅಂದರೆ ನನ್ನನ್ನೇ ನೋಡುತ್ತಿದ್ದ. ಕಣ್ಣು ಸಹ ಕಿರಿದಾಗಿರಲಿಲ್ಲ. ಅಷ್ಟು ಹತ್ತಿರದಿಂದ ಅಷ್ಟು ಹೊತ್ತು ನನ್ನನ್ನು ನೋಡಿದವನ ಮುಖ ನನಗೆ ಏಕೆ ನೆನಪಿಲ್ಲವೆಂದು ಇವತ್ತಿಗೂ ನನಗೆ ತಿಳಿಯದು.

ಎಡಹುಬ್ಬು ಇಡಿಯಾಗಿತ್ತು. ಸೀಳು ಇರಲಿಲ್ಲ.

ಆಪಾ ಹಿಂದೆ ಓಡಿಸಿ ಮತ್ತೊಮ್ಮೆ ನೋಡಿದರು. ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದರು. "ಅಲ್ಲ" ಎಂದರು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ಯಾಕಾದರೂ ಆ ಅಜ್ಜಿಯನ್ನು ಹುಡುಕಿ ತಂದೆನೋ ಎನ್ನಿಸಿತು. ಆ ಮಸುಕು ಕಾಪಿಗಳಲ್ಲಿ ಅವರ ತಮ್ಮ ಬದುಕಿದ್ದ. ಒಳ್ಳೆಯ ಟೇಪು ತಂದು ಅವನನ್ನು ಕಸಿದುಕೊಂಡಂತಾಗಿತ್ತು.

ಅಳು ನಿಂತ ಮೇಲೆ ಯಂತ್ರ ಬಂದ್ ಮಾಡುತ್ತಾರೆ ಎಂದುಕೊಂಡೆ. ಅವರು ಮತ್ತೆ ಓಡಿಸಿದರು.

"ಭಾಯಿ, ಇವನ ಎಲಿ ನೋಡ್ರಿ."

ನೋಡಿದೆವು. ಕಾಪಿಗಳಲ್ಲಿ ದೀಪದ ಬಿಳುಪಿಗೆ ಎಲೆಗಳೆಲ್ಲ ಬೆಳ್ಳಗೆ ಉರಿದು, ಅನ್ನ ಯಾವುದು ಎಲೆ ಯಾವುದು ಎಂದು ಗೊತ್ತಾಗುತ್ತಿರಲಿಲ್ಲ. ಇದರಲ್ಲಿ ಬಾಳೆಯ ಎಲೆಗಳು ಹಸಿರಾಗಿ ಎದ್ದು ಕಾಣುತ್ತಿದ್ದವು. ಎಲ್ಲರ ಮುಂದೆ ಗೋಧಿ ಹುಗ್ಗಿ, ಬದನೆಕಾಯಿ ಪಲ್ಯ, ಅನ್ನ. ಅವನ ಎಲೆ ಖಾಲಿ. ಉಂಡು ಖಾಲಿಯಾದದ್ದಲ್ಲ, ನೀರು ಚಿಮುಕಿಸಿದ ಹನಿಗಳು ಕೂಡ ಹಾಗೇ ನಿಂತಿದ್ದವು. ಬಡಿಸುವವನ ಕೈ ಪಕ್ಕದವನವರೆಗೆ ಬಂದು ಅಲ್ಲಿಂದಲೇ ಹಿಂತಿರುಗುತ್ತಿತ್ತು. ಎದುರಿನಿಂದ ಇನ್ನೊಬ್ಬ ಬಡಿಸುತ್ತ ಬಂದ, ಅವನೂ ಅಲ್ಲಿಗೇ ನಿಂತ. ಈ ತುದಿಗೆ ಅವರು ಹಾಕುತ್ತಾರೆಂದು ಇವರು, ಇವರು ಹಾಕುತ್ತಾರೆಂದು ಅವರು. ಖಾಲಿ ಎಲೆಯ ಮುಂದೆ ಆ ಮನುಷ್ಯ ಸುಮ್ಮನೆ ಕೂತು ನನ್ನನ್ನು ನೋಡುತ್ತಿದ್ದ.

ಆಪಾ ಬೇರೆ ಕಾಪಿಗಳನ್ನೂ ಹಾಕಿದರು. ಏನು ಹುಡುಕಬೇಕೆಂದು ಈಗ ಗೊತ್ತಿತ್ತಲ್ಲ. ಮುಖ ಕಾಣದಿದ್ದರೂ ಬಡಿಸುವವರ ಕೈ ಕಾಣುತ್ತಿತ್ತು. ಎಲ್ಲಿಯೂ ಯಾವ ಕೈಯೂ ಅವನವರೆಗೆ ಹೋಗಿರಲಿಲ್ಲ.

ಬಸವಣ್ಣೆಪ್ಪ ಪರದೆಯತ್ತ ಬೆರಳು ಮಾಡಿ, "ನನ್ನ ಹಂದರದಾಗ ಒಬ್ಬಾಂವ ಉಪಾಸ ಎದ್ದು ಹೋದನೇನ್ರಿ?" ಎಂದ. ಭೂತವೋ ದೆವ್ವವೋ ಎಂಬ ಯೋಚನೆ ಅವನಿಗೆ ಬಂದಂತೆಯೇ ಕಾಣಲಿಲ್ಲ. ಹಂದರದಲ್ಲಿ ಕೂತವ ಯಾರೇ ಇರಲಿ, ಹಸಿದು ಎದ್ದನಲ್ಲ ಎನ್ನುವುದೇ ಅವನ ಸಂಕಟ.

ಆಪಾ ಪರದೆಯನ್ನೇ ನೋಡುತ್ತಿದ್ದರು. "ಇವನ ಅಕ್ಕ ಎಲ್ಲಿ ಕುಂತು ನೋಡಾಕತ್ತಾಳೋ" ಎಂದರು. ಮತ್ತೆ, ನಮಗಲ್ಲ ತಮಗೇ ಹೇಳಿಕೊಂಡಂತೆ, "ನನ್ನ ಪೀರೂ ಎಲ್ಲಿ ಕುಂತಾನೋ. ಅಂವಗ ಯಾರು ನೀಡತಾರೋ" ಎಂದರು.

ಬಸವಣ್ಣೆಪ್ಪ ಕ್ಯಾಸೆಟ್ಟನ್ನು ಅರಿಷಿಣದ ಬಟ್ಟೆಯಲ್ಲಿ ಸುತ್ತಿಕೊಳ್ಳುತ್ತ, "ಯುಗಾದಿ ಆದಮ್ಯಾಲೆ ನನ್ನ ಮಗಳ ಲಗ್ನ ಐತ್ರಿ. ನೀವು ಬರಬೇಕ್ರಿ. ತುದೀಗೆ ಒಂದು ಎಲಿ ಹೆಚ್ಚಿಗಿ ಹಾಕಸ್ತೇನಿ. ನೀವ ನೀಡ್ರಿ" ಎಂದ. ಆಪಾ ಬರುವವರಲ್ಲ ಎಂದು ನಾನು ಹೇಳಹೋದೆ. "ಬರ್ತೇನ್ರಿ" ಎಂದರು.

ಆಪಾನನ್ನು ನಾನು ಕಡೆಯ ಸಲ ಕಂಡದ್ದು ಆ ಮದುವೆಯಲ್ಲಿ. ಆ ಮಳೆಗಾಲದಲ್ಲಿ ಅವರು ತೀರಿಕೊಂಡರು. ನನಗೆ ಸುದ್ದಿ ಮುಟ್ಟುವ ಹೊತ್ತಿಗೆ ಮಣ್ಣೂ ಆಗಿಹೋಗಿತ್ತು. ಯಂತ್ರವನ್ನು ಮೈದುನ ಒಯ್ದನಂತೆ. ಮುಂದಿನ ವರ್ಷ ಮದುವೆಗಳು ಶುರುವಾದಾಗ ಕಾಪಿ ಮಾಡಿಸಲು ನಾನು ಹುಬ್ಬಳ್ಳಿಗೆ ಹೋಗತೊಡಗಿದೆ. ಅಲ್ಲಿ ಚಿತ್ರಗಳು ಚೆನ್ನಾಗಿ ಬರುತ್ತಿದ್ದವು, ಆದರೆ ಕೂತು ನೋಡುವವರು ಯಾರೂ ಇರಲಿಲ್ಲ.

ಆ ಮದುವೆಗೆಂದು ಮಳಗಿಗೆ ಆಪಾ ಬೆಳಗಿನ ಬಸ್ಸಿಗೇ ಬಂದಿದ್ದರು. ಇಸ್ತ್ರಿ ಮಾಡಿದ ತಿಳಿನೀಲಿ ಸೀರೆ, ತಲೆತುಂಬ ಸೆರಗು. ಹಂದರದ ಕಂಬ ಹಿಡಿದು ನಿಂತು, ಪರದೆಯಲ್ಲಿ ಕಂಡ ಮುಖಗಳನ್ನೆಲ್ಲ ಒಂದೊಂದಾಗಿ ಗುರುತಿಸುತ್ತಿದ್ದರು. ಯಾರನ್ನೂ ಮಾತಾಡಿಸಲಿಲ್ಲ. ಪಂಕ್ತಿ ಕೂತಾಗ ಬಸವಣ್ಣೆಪ್ಪ ಮಾತಿಗೆ ತಪ್ಪದೆ ತುದಿಯಲ್ಲಿ ಒಂದು ಎಲೆ ಹಾಕಿಸಿ, ಹುಗ್ಗಿಯ ಬಕೆಟ್ಟನ್ನು ತಾನೇ ತಂದು ಆಪಾನ ಕೈಗೆ ಕೊಟ್ಟ. ಅವನ ಚಿಗವ್ವ, ಸಾಬರ ಕೈಲೆ ಬಡಿಸುವುದೇನು ಎಂದು ಗೊಣಗಿದಳು. "ಅದು ಅವರ ಎಲಿ ಚಿಗವ್ವಾ, ಸುಮ್ನಿರು" ಎಂದ.

ನಾನು ಎಲೆಯಿಂದ ಎಲೆಗೆ ದೀಪ ಹಿಡಿದು ಬರುತ್ತಿದ್ದೆ. ತುದಿ ಹತ್ತಿರವಾಯಿತು. ಕ್ಯಾಮೆರಾದ ಕಿಂಡಿಯಲ್ಲಿ ಆಪಾ ಕಂಡರು, ಅವರ ಕೈಯ ಸೌಟು ಕಂಡಿತು, ಹುಗ್ಗಿ ಬಿದ್ದ ಎಲೆ ಕಂಡಿತು. ಎಲೆಯ ಆಚೆಗೆ ಕ್ಯಾಮೆರಾ ತಿರುಗಿಸುವ ಧೈರ್ಯ ನನಗಾಗಲಿಲ್ಲ. ದೀಪ ಆರಿಸಿದೆ, ಕ್ಯಾಮೆರಾ ನಿಲ್ಲಿಸಿದೆ, ಕಣ್ಣನ್ನೂ ಆಪಾನ ಮೇಲಿಂದ ಆಚೆ ಸರಿಸಲಿಲ್ಲ. ಹಾಗಾಗಿ ಮುಂದಿನದಕ್ಕೆ ಟೇಪಿಲ್ಲ, ನನ್ನ ಮಾತಷ್ಟೇ ಇದೆ.

ಆಪಾ ಬಗ್ಗಿ ನಿಂತು, "ಇನ್ನೊಂಚೂರು?" ಎಂದು ಕೇಳಿದರು. ಕೇಳಿ, ಉತ್ತರಕ್ಕೆ ಕಾದರು. ಓಲಗದ ಸದ್ದಿನಲ್ಲಿ ಮಾತು ಕೇಳಿಸದವರಂತೆ ಕಿವಿಯನ್ನು ಇನ್ನಷ್ಟು ಹತ್ತಿರ ಒಯ್ದರು. ಆಮೇಲೆ ತಲೆಯಾಡಿಸಿ, ಸಣ್ಣಗೆ ನಕ್ಕು, ಇನ್ನೂ ಅರ್ಧ ಸೌಟು ಹಾಕಿದರು. ಅಷ್ಟರಲ್ಲಿ ಯಾರೋ ಮದುಮಕ್ಕಳ ಫೋಟೋಕ್ಕೆ ನನ್ನನ್ನು ಕರೆದರು. ನಾನು ಮರಳಿ ಬಂದಾಗ ಪಂಕ್ತಿ ಎದ್ದಿತ್ತು, ಎಲೆಗಳನ್ನು ತೆಗೆಯುತ್ತಿದ್ದರು.

ಸಂಜೆ ಅವರನ್ನು ಬಸ್ಸಿಗೆ ಹತ್ತಿಸಲು ಹೋದೆ. ಬಸ್ಸು ಬಂದು ನಿಂತ ಮೇಲೆ ಮೆಟ್ಟಿಲ ಮೇಲೆ ಕಾಲಿಟ್ಟು, "ಭಾಯಿ, ಇನ್ನ ಮ್ಯಾಲೆ ಕ್ಯಾಸೆಟ್ ತಂದ್ರ ಗುಂಡಿ ಒತ್ತಿ ಬಿಡತೇನ್ರಿ. ಕುಂತು ನೋಡಂಗಿಲ್ಲ" ಎಂದರು.

"ಯಾಕ್ರಿ ಆಪಾ?"

"ಹೊಟ್ಟಿ ತುಂಬೇತಿ ಅಂದ. ಅಕ್ಕಾ, ಇನ್ನ ನೀ ಮನಿಗೆ ಹೋಗು ಅಂದ."

ಕಂಡಕ್ಟರ್ ಬಾಗಿಲು ಎಳೆದುಕೊಂಡ, ಬಸ್ಸು ಹೊರಟಿತು. ಕಿಟಕಿಯ ಪಕ್ಕ ಕೂತ ಆಪಾನ ಮುಖ ಶಾಂತವಾಗಿತ್ತು. ಹಾಗೆ ಅಂದವನು ಯಾರೆಂದು ನಾನು ಕೇಳಲಿಲ್ಲ.